ಮೂರು ಮನೆ, ಒಂದು ಕೆರೆ ದಂಡೆ: ಸ್ಕಿಜೋಫ್ರೇನಿಯಾ ಇರುವವರ ಮನೆಯವರು ಬಳಗ ಕಟ್ಟಿಕೊಳ್ಳುವುದು ಹೇಗೆ?

ನಮ್ಮ ಕಡೆ ಯಾರಾದರೂ ಸ್ವಲ್ಪ ವಿಚಿತ್ರವಾಗಿ ಮಾತಾಡಿದರೆ "ಏನ್ಲೇ, ಧಾರವಾಡಕ್ಕ ಕಳಿಸ್ಬೇಕೇನ ನಿನ್ನ?" ಅಂತ ನಗುತ್ತಾರೆ. ಧಾರವಾಡ ಅಂದರೆ ಅಲ್ಲಿನ ಮಾನಸಿಕ ಆಸ್ಪತ್ರೆ. ನಾನೂ ನಕ್ಕವಳೇ. ತಮ್ಮನ ಕೈ ಹಿಡಿದುಕೊಂಡು ನಿಜವಾಗಿಯೂ ಹುಬ್ಬಳ್ಳಿಯಿಂದ ಧಾರವಾಡದ ಬಸ್ಸು ಹತ್ತುವವರೆಗೆ.

ಚಿಗರಿ ಬಸ್ಸು ಇನ್ನೂ ಬಂದಿರದ ಕಾಲ ಅದು. ತಮ್ಮನಿಗೆ ಇಪ್ಪತ್ತೆರಡು ವರ್ಷ. ಗೋಡೆಯಾಚೆ ಯಾರೋ ತನ್ನ ಬಗ್ಗೆಯೇ ಮಾತಾಡುತ್ತಾರೆ ಅನ್ನುತ್ತಿದ್ದ. ಟಿವಿಗೆ ಟವೆಲ್ ಹೊದಿಸಿ ಮಲಗುತ್ತಿದ್ದ. ತಾಯತ, ಅಮಾವಾಸ್ಯೆ ಪೂಜೆ, ಹರಕೆ ಅಂತ ಒಂದೂವರೆ ವರ್ಷ ಕಳೆದ ಮೇಲೆ ಡಾಕ್ಟರ ಹತ್ತಿರ ಹೋದೆವು. ಸ್ಕಿಜೋಫ್ರೇನಿಯಾ ಅನ್ನುವ ಮಾನಸಿಕ ಕಾಯಿಲೆ ಅಂದರು, ಗುಳಿಗೆ ಶುರುವಾಯಿತು. ಕೆಲವು ತಿಂಗಳಲ್ಲಿ ಅವನು ಸುಧಾರಿಸಿದ, ಅವ್ವ ಕುಸಿದಳು. ರಾತ್ರಿ ನಿದ್ದೆ ಇಲ್ಲ, ಮದುವೆ ಮುಂಜಿಗೆ ಹೋಗುವುದಿಲ್ಲ, ಬಾಗಿಲು ಬಡಿದರೆ ಬೆಚ್ಚಿ ಬೀಳುವುದು. ತಮ್ಮನ ಫೈಲಿನಲ್ಲಿ ಎಲ್ಲ ಬರೆದಿತ್ತು. ಅವ್ವನ ಹೆಸರಿಗೆ ಒಂದು ಚೀಟಿಯೂ ಇರಲಿಲ್ಲ.

ಇಂಥ ಅವ್ವಂದಿರಿಗೆ, ಅಕ್ಕಂದಿರಿಗೆ, ಹೆಂಡತಿ-ಗಂಡಂದಿರಿಗೆ ಒಂದು ಬಳಗ ಬೇಕು. ಕಟ್ಟುವುದು ಅಂದುಕೊಂಡಷ್ಟು ದೊಡ್ಡ ಕೆಲಸವಲ್ಲ. ನಮ್ಮ ಚಿಕ್ಕ ಬಳಗದಲ್ಲಿ ಕಲಿತದ್ದನ್ನು, ಎಡವಿದ್ದನ್ನೂ ಸೇರಿಸಿ, ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಇನ್ನೆರಡು ಮನೆ ಹುಡುಕಿ

ನಿಮ್ಮದು ಒಂದು, ಇನ್ನೆರಡು. ಮೂರು ಮನೆ ಸಾಕು. ಬ್ಯಾನರ್ ಕಟ್ಟಿ, ಅತಿಥಿಗಳನ್ನು ಕರೆದು, ಉದ್ಘಾಟನೆ ಮಾಡಿದರೆ ಜನ ಬರುತ್ತಾರೆ. ಮುಂದಿನ ತಿಂಗಳು ಬರುವುದಿಲ್ಲ. ಈ ಕಾಯಿಲೆಯ ಮನೆಯವರು ಫೋಟೋಗೆ ಹೆದರುತ್ತಾರೆ.

ಎಲ್ಲಿ ಹುಡುಕುವುದು? ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್, ಹುಬ್ಬಳ್ಳಿಯ ಕಿಮ್ಸ್ (ಈಗ ಕೆಎಂಸಿಆರ್‌ಐ) ಮತ್ತು ಗದಗಿನ ಜಿಮ್ಸ್ ಆಸ್ಪತ್ರೆಗಳು, ಹಾವೇರಿಯ ಜಿಲ್ಲಾ ಆಸ್ಪತ್ರೆ. ಮನೋರೋಗ ವಿಭಾಗದ ಹೊರಗೆ ಬೆಂಚಿನ ಮೇಲೆ ಫೈಲು ಹಿಡಿದು ಕೂತವರಲ್ಲಿ ನಿಮ್ಮ ಹಾಗೆಯೇ ದಣಿದವರು ಇರುತ್ತಾರೆ. ಹಳ್ಳಿಯವರಾದರೆ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರ ತಾಲ್ಲೂಕಿಗೆ ಬರುವ ವ್ಯವಸ್ಥೆ ಇದೆ. ನಿಮ್ಮ ತಾಲ್ಲೂಕಿನ ಸರದಿ ಯಾವ ಮಂಗಳವಾರ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ.

ನಾನು ಮೊದಲು ಮಾಡಿದ ತಪ್ಪು ಹೇಳುತ್ತೇನೆ. ಒಂದು ಆಸ್ಪತ್ರೆಯ ಕೌಂಟರಿಗೆ ಹೋಗಿ "ಇಂಥ ಕಾಯಿಲೆ ಇರುವವರ ಮನೆಯವರ ನಂಬರ್ ಕೊಡಿ" ಅಂದೆ. ಬೈದು ಕಳಿಸಿದರು. ಬೈದ ರೀತಿ ಬೇಜಾರಾಯಿತು, ಆದರೆ ಮಾತು ಸರಿಯೇ ಇತ್ತು. ರೋಗಿಯ ವಿವರ ಅವರು ಯಾರಿಗೂ ಕೊಡುವ ಹಾಗಿಲ್ಲ. ಅದರ ಬದಲು ನಿಮ್ಮ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಅಲ್ಲಿನ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರ ಕೈಗೆ ಕೊಡಿ. "ಯಾರಿಗಾದರೂ ಮಾತಾಡಬೇಕು ಅನ್ನಿಸಿದರೆ ಇದನ್ನು ಕೊಡಿ" ಅನ್ನಿ. ನನಗೆ ಮೊದಲ ಫೋನ್ ಹಾಗೆ ಬಂತು, ಚೀಟಿ ಕೊಟ್ಟು ಎರಡು ತಿಂಗಳಾದ ಮೇಲೆ.

ಎಲ್ಲಿ ಕೂರುವುದು

ಯಾರ ಮನೆಯಲ್ಲೂ ಬೇಡ. ಓಣಿಯವರು "ಏನ್ರೀ ವಿಶೇಷ?" ಅಂತ ಕೇಳಿಯೇ ಕೇಳುತ್ತಾರೆ. ಆಸ್ಪತ್ರೆಯ ಕೋಣೆ ಸಿಕ್ಕರೆ ಒಳ್ಳೆಯದು. ಆದರೆ ಅಲ್ಲಿ ಕೂತರೆ ಜನ ಡಾಕ್ಟರಿಗೆ ಉತ್ತರ ಹೇಳುವ ಹಾಗೆ ಮಾತಾಡುತ್ತಾರೆ. ನನ್ನ ಮಟ್ಟಿಗೆ ಕೆರೆ ದಂಡೆಯೇ ಮೇಲು. ಹುಬ್ಬಳ್ಳಿಯಲ್ಲಿ ಉಣಕಲ್ ಕೆರೆ, ಧಾರವಾಡದಲ್ಲಿ ಸಾಧನಕೇರಿ ಅಥವಾ ಕೆಲಗೇರಿ, ಗದಗಿನಲ್ಲಿ ಭೀಷ್ಮ ಕೆರೆ, ಹಾವೇರಿಯಲ್ಲಿ ಹೆಗ್ಗೇರಿ. ನಾಲ್ಕು ಜನ ಚುರುಮುರಿ ಹಿಡಿದು ಕೂತರೆ ಯಾರೂ ಯಾಕೆ ಅಂತ ಕೇಳುವುದಿಲ್ಲ.

ದಿನ ಒಂದೇ ಇರಲಿ: ತಿಂಗಳ ಎರಡನೇ ಭಾನುವಾರ ಅಂದರೆ ಎರಡನೇ ಭಾನುವಾರ. ಮೂರಕ್ಕೆ ಶುರು, ನಾಲ್ಕೂವರೆಗೆ ಮುಕ್ತಾಯ. ಕಲಘಟಗಿ, ನವಲಗುಂದ, ಕುಂದಗೋಳದ ಕಡೆಯವರು ಕತ್ತಲಾಗುವುದರೊಳಗೆ ಊರು ಸೇರಬೇಕು. ಹತ್ತಿ ಬಿಡಿಸುವಾಗ, ಸುಗ್ಗಿಯಲ್ಲಿ ಜನ ಕಡಿಮೆ ಬರುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ, ದಿನವನ್ನೂ ಬದಲಿಸಬೇಡಿ.

ಗಂಡಸರ ಬಗ್ಗೆ ಒಂದು ಮಾತು. ಅವರು ಹೆಂಡತಿಯನ್ನು ಬೈಕಿನಲ್ಲಿ ತಂದು ಬಿಟ್ಟು, ತಾವು ಚಹಾದಂಗಡಿ ಮುಂದೆ ನಿಲ್ಲುತ್ತಾರೆ. ಒಳಗೆ ಕರೆದರೆ "ನೀವು ಮಾತಾಡ್ರೀ" ಅಂತಾರೆ. ನಾವು ಆರು ತಿಂಗಳು ಕರೆದು ಸೋತೆವು. ಆಮೇಲೆ ಬಳಗದ ಒಬ್ಬ ಕಾಕಾ ತಾವೇ ಹೋಗಿ ಚಹಾದಂಗಡಿ ಮುಂದೆ ನಿಂತರು. ಈಗ ಅಲ್ಲೂ ಒಂದು ಸಭೆ ನಡೆಯುತ್ತದೆ, ಮಿರ್ಚಿ ಭಜಿ ಸಮೇತ.

ಮೊದಲ ದಿನ ಏನು ಮಾತಾಡುವುದು

ಇಲ್ಲೇ ಹೆಚ್ಚಿನ ಬಳಗಗಳು ದಾರಿ ತಪ್ಪುತ್ತವೆ. ಯಾರೋ ಒಬ್ಬರು ಕಾಯಿಲೆಯ ಬಗ್ಗೆ ಭಾಷಣ ಶುರು ಮಾಡುತ್ತಾರೆ. ಮೆದುಳು, ಡೋಪಮೈನ್ ಅಂತ ಮುಕ್ಕಾಲು ಗಂಟೆ. ಉಳಿದವರು ತಲೆ ಆಡಿಸಿ ಮನೆಗೆ ಹೋಗುತ್ತಾರೆ.

ಹಾಗೆ ಮಾಡದೆ ಒಂದೇ ಪ್ರಶ್ನೆ ಕೇಳಿ: "ಈ ತಿಂಗಳು ನಿಮಗೆ ಹ್ಯಾಂಗಿತ್ರೀ?" ಮಗನಿಗಲ್ಲ, ನಿಮಗೆ. ಮೊದಲು ಎಲ್ಲರೂ ಮಗನ ಬಗ್ಗೆಯೇ ಹೇಳುತ್ತಾರೆ. ಎರಡನೇ ಸಲವೂ ಹಾಗೇ. ಮೂರನೇ ಸಲ ಯಾರೋ ಒಬ್ಬರು "ನಂಗ ಸಾಕಾಗೇತ್ರೀ" ಅನ್ನುತ್ತಾರೆ. ಆಗ ಯಾರೂ ಬುದ್ಧಿ ಹೇಳಬೇಡಿ. ಸಮಾಧಾನವನ್ನೂ ತಕ್ಷಣ ಮಾಡಬೇಡಿ. ಸ್ವಲ್ಪ ಹೊತ್ತು ಸುಮ್ನೆ ಕೂತಿರಿ.

ಬುದ್ಧಿಮಾತಿಗಿಂತ ಸಣ್ಣ ಉಪಾಯ ಜಾಸ್ತಿ ಕೆಲಸಕ್ಕೆ ಬರುತ್ತದೆ. ಒಂದು ಸಲ ಗದಗ ಕಡೆಯ ತಾಯಿಯೊಬ್ಬರು, ಮಗ ಹದಿನೈದು ದಿನದಿಂದ ಸ್ನಾನ ಮಾಡಿಲ್ಲ, ಹೇಳಿದರೆ ಜಗಳಕ್ಕೆ ಬರುತ್ತಾನೆ ಅಂತ ಅತ್ತರು. ಪಕ್ಕದಲ್ಲಿದ್ದ ಬ್ಯಾಡಗಿ ಕಡೆಯ ಅಜ್ಜಿ ಕೇಳಿದರು: "ಜಳಕಾ ಮಾಡು ಅಂತೀಯೇನ ಅವಂಗ?"

"ಮತ್ತೇನನ್ಲಿ, ಅವ್ವಾ?"

"ಅನಬ್ಯಾಡ. ನೀರು ಕಾಸಿ ಬಕೆಟಿಗೆ ಹಾಕು. ಟಾವೆಲ್ ಬಾಗಲಕ್ಕ ಹಾಕು. ನೀರ ಆರಾಕತ್ತೈತಿ ನೋಡಪಾ ಅಂದು, ಅಡಗಿಮನಿಗೆ ಹೋಗಿಬಿಡು. ನಿಂದರಬ್ಯಾಡ ಅಲ್ಲೇ."

ಮುಂದಿನ ತಿಂಗಳು ಆ ತಾಯಿ ಬಂದು ಹೇಳಿದರು, ನಾಲ್ಕು ಸಲದಲ್ಲಿ ಎರಡು ಸಲ ಸ್ನಾನ ಆಯಿತಂತೆ. ಎರಡು ಸಲ ನೀರು ಆರಿಯೇ ಹೋಯಿತು. ಅಷ್ಟಕ್ಕೇ ಅವರ ಮುಖ ಹಗುರಾಗಿತ್ತು.

ಮಗ ಸೋಮಾರಿ ಅಂದುಕೊಂಡಿದ್ದ ತಾಯಿಗೆ ಈ ಮಂಕು, ಸ್ನಾನ ಬೇಡ ಅನ್ನುವುದು, ಮೂಲೆ ಹಿಡಿದು ಕೂರುವುದು ಕೂಡ ಕಾಯಿಲೆಯ ಭಾಗವೇ ಅಂತ ಗೊತ್ತಾಗಲು ಇಂಥ ಮಾತುಕತೆ ಬೇಕಾಯಿತು. ಧ್ವನಿ ಕೇಳುವುದು, ಸಂಶಯ ಪಡುವುದು ಗುಳಿಗೆಗೆ ಬೇಗ ಬಗ್ಗುತ್ತವೆ. ಈ ಮಂಕು ನಿಧಾನ.

ಇನ್ನೊಂದು ಮಾತು ತಾಯಂದಿರಿಂದ ಬಂದೇ ಬರುತ್ತದೆ: "ನಾ ಬೆಳೆಸಿದ್ದ ತಪ್ಪಾತೇನ್ರೀ?" ಹಿಂದೆ ಅಮೆರಿಕದ ವೈದ್ಯರೂ ಹಾಗೇ ಅಂದುಕೊಂಡಿದ್ದರು. ತಾಯಿಯ ಸ್ವಭಾವದಿಂದಲೇ ಈ ಕಾಯಿಲೆ ಬರುತ್ತದೆ ಅನ್ನುವ ವಾದಕ್ಕೆ 1948ರಲ್ಲಿ ಒಂದು ಹೆಸರೂ ಹುಟ್ಟಿತ್ತು. ಆಮೇಲೆ ಆ ವಾದ ಸುಳ್ಳು ಅಂತಾಯಿತು. ಇದನ್ನು ಹೇಳಿ. ಸಲ ಸಲಕ್ಕೂ ಹೇಳಿ.

ಕಟ್ಟಳೆಗಳು ಕಡಿಮೆ ಇರಲಿ, ಗಟ್ಟಿ ಇರಲಿ

ಇಲ್ಲಿ ಆಡಿದ ಮಾತು ಇಲ್ಲೇ. ಇದು ಒಡೆದರೆ ಬಳಗವೇ ಒಡೆಯುತ್ತದೆ. ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದರೆ ಒಂದು ಮಾತು ಹೊರಗೆ ಹೋದರೂ ಸಂಬಂಧ ತಪ್ಪುತ್ತದೆ ಅನ್ನುವ ಭಯ ಎಲ್ಲರಿಗೂ ಇದೆ. ಊರ ಹೆಸರು, ಅಡ್ಡಹೆಸರು ಕೇಳಬೇಡಿ. ಅಕ್ಕಾ, ಕಾಕಾ, ಮಾಮಾ ಸಾಕು.

ವಾಟ್ಸಾಪ್ ಗುಂಪು ಮಾಡುವುದಾದರೆ ಅದರ ಹೆಸರಿನಲ್ಲಿ ಕಾಯಿಲೆಯ ಸುಳಿವೂ ಇರಬಾರದು. ನಮ್ಮದು "ಎರಡನೇ ಭಾನುವಾರ". ಫೋನು ಚಾರ್ಜಿಗೆ ಇಟ್ಟಾಗ ಬೀಗರು ನೋಡಿದರೂ ಏನೂ ತಿಳಿಯುವುದಿಲ್ಲ. ಗುಡ್ ಮಾರ್ನಿಂಗ್ ಹೂವು, ರಾಜಕೀಯ, "ಈ ಬೇರು ತಿಂದರೆ ಹದಿನೈದು ದಿನದಲ್ಲಿ ಗುಣ" ಅನ್ನುವ ವಿಡಿಯೋ, ಯಾವುದೂ ಬೇಡ. ಕಾಯಿಲೆ ಜೋರಾದಾಗಿನ ವಿಡಿಯೋವನ್ನು ಡಾಕ್ಟರಿಗೆ ತೋರಿಸಲು ತೆಗೆದಿದ್ದರೆ ಅದು ಡಾಕ್ಟರಿಗೆ ಮಾತ್ರ.

ದುಡ್ಡು ಬೇಡವೇ ಬೇಡ. ನಮ್ಮ ಕಡೆ ಐದು ಹೆಣ್ಣುಮಕ್ಕಳು ಕೂಡಿದರೆ ಭಿಶಿ, ಅಂದರೆ ತಿಂಗಳ ಕಂತಿನ ಚೀಟಿ, ಶುರುವಾಗುತ್ತದೆ. ಅದು ತಪ್ಪಲ್ಲ, ಬೇರೆ ಕಡೆ ಹಾಕಿ. ಒಂದು ಕಂತು ತಪ್ಪಿದವರು ನಾಚಿಕೆಗೆ ಇಲ್ಲಿಗೆ ಬರುವುದನ್ನೇ ಬಿಡುತ್ತಾರೆ. ಚಹಾದ ದುಡ್ಡು ಸರದಿ ಮೇಲೆ.

ಪೂಜೆ, ದರ್ಗಾ, ಮಠ ಅನ್ನುವವರನ್ನು ಹೀಯಾಳಿಸಬೇಡಿ. ನನ್ನ ಅವ್ವ ಈಗಲೂ ಸಿದ್ಧಾರೂಢರ ಮಠಕ್ಕೆ ಹೋಗುತ್ತಾಳೆ, ಬರುವಾಗ ಗುಳಿಗೆಯನ್ನೂ ತರುತ್ತಾಳೆ. ಗುಳಿಗೆ ನಿಲ್ಲಿಸು ಅನ್ನುವವರ ಹತ್ತಿರ ಮಾತ್ರ ಹೋಗಬೇಡಿ. ಕಟ್ಟಿಹಾಕಿ ಹೊಡೆಯುವ ಕಡೆಯಂತೂ ದೂರವೇ ಇರಿ. ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ನಿಷೇಧಿಸಿದೆ.

ಮದುವೆ ಮಾಡಿದರೆ ಸರಿ ಹೋಗುತ್ತಾನೆ ಅನ್ನುವ ಸಲಹೆಯನ್ನು ನಾನು ಬಳಗದಲ್ಲಿ ಬೆಳೆಯಲು ಬಿಡುವುದಿಲ್ಲ. ಮುಚ್ಚಿಟ್ಟು ಮಾಡಿದ ಮದುವೆಯಲ್ಲಿ ಗುಳಿಗೆಯನ್ನೂ ಮುಚ್ಚಿಡಬೇಕಾಗುತ್ತದೆ. ಆಮೇಲೆ ಗುಳಿಗೆ ನಿಲ್ಲುತ್ತದೆ. ಕಾಯಿಲೆ ಇರುವ ಮಗಳಾದರೆ ಬಾಣಂತನಕ್ಕೆ ತವರಿಗೆ ಬಂದವಳು ತವರಲ್ಲೇ ಉಳಿಯುತ್ತಾಳೆ. ಇಂಥ ಎರಡು ಮನೆ ನಮ್ಮ ಬಳಗದಲ್ಲೇ ಇವೆ.

ಗುಳಿಗೆಯ ಮಾತು ಬಂದಾಗ

ಬಳಗದಲ್ಲಿ ಯಾರೂ ಡಾಕ್ಟರಲ್ಲ. "ನಮ್ಮವನಿಗೆ ಒಲಾಂಜಪಿನ್ ಕೊಟ್ಟಾರ, ನೀವೂ ಅದನ್ನ ಕೇಳ್ರಿ" ಅನ್ನುವುದನ್ನು ಅಲ್ಲೇ ತಡೆಯಿರಿ. ಆದರೆ ಡಾಕ್ಟರ ಹತ್ತಿರ ಏನು ಕೇಳಬೇಕು ಅನ್ನುವುದನ್ನು ಬಳಗ ಚೆನ್ನಾಗಿ ಕಲಿಸುತ್ತದೆ. ತೂಕ ಏರುತ್ತಿದೆಯಾ? ಸಕ್ಕರೆ ಪರೀಕ್ಷೆ ಯಾವಾಗ? ಕೈ ನಡುಗುತ್ತದೆ, ಕೂತಲ್ಲಿ ಕೂರಲು ಆಗುತ್ತಿಲ್ಲ, ಇದು ಗುಳಿಗೆಯಿಂದಲಾ? ಕ್ಲೋಜಪಿನ್ ಕೊಟ್ಟಿದ್ದರೆ ಮೊದಲ 18 ವಾರ ವಾರಕ್ಕೊಮ್ಮೆ ರಕ್ತ ಪರೀಕ್ಷೆ ಬೇಕು. ಅದನ್ನು ಯಾರು, ಎಲ್ಲಿ ಮಾಡಿಸುವುದು?

ಗುಳಿಗೆಯನ್ನು ಪುಡಿ ಮಾಡಿ ಸಾರಿನಲ್ಲಿ ಬೆರೆಸುವ ಸಂಗತಿ ಎಲ್ಲ ಬಳಗದಲ್ಲೂ ಹೊರಗೆ ಬರುತ್ತದೆ, ಪಿಸುಮಾತಿನಲ್ಲಿ. ಮಾಡಿದವರನ್ನು ಜರಿಯಬೇಡಿ. ಬೇರೆ ದಾರಿ ಕಾಣದೆ ಮಾಡಿರುತ್ತಾರೆ. ಆದರೆ ಒಂದು ದಿನ ಅದು ಸಿಕ್ಕಿಬೀಳುತ್ತದೆ. "ಊಟದಾಗ ವಿಷ ಹಾಕ್ತಾರ" ಅಂತ ಮೊದಲೇ ಸಂಶಯ ಇರುವವನಿಗೆ ಅದೇ ಸಾಕ್ಷಿ ಆಗಿಬಿಡುತ್ತದೆ. ಡಾಕ್ಟರಿಗೆ ಇದ್ದದ್ದು ಇದ್ದ ಹಾಗೆ ಹೇಳಿ. ಎರಡರಿಂದ ನಾಲ್ಕು ವಾರಕ್ಕೊಮ್ಮೆ ಕೊಡುವ ಇಂಜೆಕ್ಷನ್ ನಮ್ಮವರಿಗೆ ಆಗುತ್ತದಾ ಅಂತಲೂ ಕೇಳಿ.

ಮನೆಯ ಮಾತಿನ ಕಾವು

ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಅನ್ನುವ ಸಂಶೋಧಕ 1950ರ ದಶಕದಲ್ಲೇ ಒಂದು ವಿಷಯ ಗಮನಿಸಿದ್ದ. ಆಸ್ಪತ್ರೆಯಿಂದ ಮನೆಗೆ ಹೋದ ಕೆಲವರಿಗೆ ಕಾಯಿಲೆ ಬೇಗ ಮರುಕಳಿಸುತ್ತಿತ್ತು. ಮುಂದಿನ ಅಧ್ಯಯನಗಳಲ್ಲಿ ಕಾರಣದ ಎಳೆ ಸಿಕ್ಕಿತು. ಮನೆಯಲ್ಲಿ ಸದಾ ಟೀಕೆ, ಸಿಟ್ಟು, ಇಲ್ಲವೇ ಅತಿಯಾದ ಕಾಳಜಿ ಇದ್ದ ಕಡೆ ಮರುಕಳಿಕೆ ಹೆಚ್ಚು. ಆಮೇಲೆ ಚಂಡೀಗಢದಲ್ಲೂ ಅದೇ ಅಳತೆ ಹಿಡಿದು ನೋಡಿದರು. ಅಲ್ಲಿನ ಮನೆಗಳಲ್ಲಿ ಟೀಕೆಯ ಮಾತು ಲಂಡನ್ನಿಗಿಂತ ಕಡಿಮೆ ಇತ್ತು. ಇದರ ಅರ್ಥ ಕಾಯಿಲೆಗೆ ಮನೆಯವರೇ ಕಾರಣ ಅಂತಲ್ಲ. ಕಾಯಿಲೆ ಬಂದ ಮೇಲೆ ಮನೆಯ ಕಾವು ಲೆಕ್ಕಕ್ಕೆ ಬರುತ್ತದೆ ಅಂತ.

ನಮ್ಮ ಬಳಗದ ಮನೆಗಳಲ್ಲಿ ಅತಿ ಕಾಳಜಿ ಜಾಸ್ತಿ. ಮೂವತ್ತು ವರ್ಷದ ಮಗನಿಗೆ ರೊಟ್ಟಿ ಮುರಿದು ಕೊಡುವುದು, ಬಾತ್‌ರೂಮಿನ ಬಾಗಿಲಲ್ಲಿ ಕಾಯುವುದು. ಬಳಗದಲ್ಲಿ ಇದನ್ನು ಆಟದ ಹಾಗೆ ಮಾಡಿ. ಈ ತಿಂಗಳು ಅವರಿಗೆ ಒಂದು ಕೆಲಸ ಬಿಟ್ಟುಕೊಡಬೇಕು: ಹಾಲು ತರುವುದು, ಎಮ್ಮೆಗೆ ನೀರು ಕುಡಿಸುವುದು, ಏನಾದರೂ. ಮುಂದಿನ ಸಲ ಬಂದು ಹೇಳಬೇಕು. ನನ್ನ ತಮ್ಮ ಮೂರು ತಿಂಗಳು ಹಾಲಿನ ಪಾಕೀಟು ತಂದ. ಎರಡು ಸಲ ಚಿಲ್ಲರೆ ಕಳೆದ. ಅವ್ವ ಬಾಯಿ ಬಿಗಿಹಿಡಿದು ಕೂತಳು. ಅದು ಅವಳ ಜೀವನದ ದೊಡ್ಡ ಸಾಧನೆ ಅಂತ ನಾವು ಚಪ್ಪಾಳೆ ಹೊಡೆದೆವು.

ಮನೆಯವರನ್ನು ಜೊತೆಗಿಟ್ಟುಕೊಳ್ಳುವುದು ನಮ್ಮ ದೇಶಕ್ಕೆ ಹೊಸತೇನಲ್ಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಡಾ. ವಿದ್ಯಾಸಾಗರ್ ಆವರಣದಲ್ಲೇ ಡೇರೆ ಹಾಕಿಸಿ ರೋಗಿಗಳ ಜೊತೆ ಮನೆಯವರನ್ನೂ ಇರಿಸಿಕೊಂಡಿದ್ದರು.

ಕಾಗದಪತ್ರ

ಇದಕ್ಕೆ ಒಂದು ಭಾನುವಾರ ಪೂರ್ತಿ ಇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಮಾನಸಿಕ ಕಾಯಿಲೆಯೂ 21 ಬಗೆಯ ಅಂಗವಿಕಲತೆಗಳಲ್ಲಿ ಒಂದು. ಯುಡಿಐಡಿ ಅನ್ನುವ ಅಂಗವಿಕಲರ ಗುರುತಿನ ಕಾರ್ಡಿಗೆ ಅರ್ಜಿ ಹಾಕಬಹುದು. ಅಂಗವಿಕಲತೆ 40 ಪ್ರತಿಶತ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸೌಲಭ್ಯಗಳ ಬಾಗಿಲು ತೆರೆಯುತ್ತದೆ. ಅಳೆಯುವುದು ಐಡಿಯಾಸ್ ಅನ್ನುವ ಅಳತೆಗೋಲಿನಿಂದ. ತನ್ನ ಮೈಕೈ ನೋಡಿಕೊಳ್ಳುವುದು, ಜನರ ಜೊತೆ ಬೆರೆಯುವುದು, ಮಾತು ಮತ್ತು ತಿಳುವಳಿಕೆ, ದುಡಿಮೆ ಈ ನಾಲ್ಕಕ್ಕೆ ಅಂಕ ಇದೆ. ಕಾಯಿಲೆ ಎಷ್ಟು ವರ್ಷದ್ದು ಅನ್ನುವುದಕ್ಕೂ ಇದೆ. ಹಳೆಯ ಚೀಟಿಗಳನ್ನು ಎಸೆಯಬೇಡಿ.

ಇಲ್ಲಿ ಒಂದು ವಿಚಿತ್ರ ನಡೆಯುತ್ತದೆ. ಅಳೆಯುವ ದಿನ ಅವ್ವಂದಿರು ಮಗನಿಗೆ ಎಣ್ಣೆ ಹಚ್ಚಿ, ಇಸ್ತ್ರಿ ಶರ್ಟು ಹಾಕಿ ಕರೆದುಕೊಂಡು ಹೋಗುತ್ತಾರೆ. "ಎಲ್ಲಾ ತಾನ ಮಾಡ್ಕೊಂತಾನ್ರೀ" ಅಂತ ಅಭಿಮಾನದಿಂದ ಹೇಳುತ್ತಾರೆ. ಅಂಗವಿಕಲತೆಯ ಅಂಕ ಕಡಿಮೆ ಬೀಳುತ್ತದೆ. ಹೆಚ್ಚು ಮಾಡಿ ಹೇಳುವುದು ಬೇಡ. ಮನೆಯಲ್ಲಿ ಹೇಗಿದೆಯೋ ಹಾಗೆ ಹೇಳಿ.

ಪಿಂಚಣಿ ಅರ್ಜಿ ನಾಡ ಕಚೇರಿಯಲ್ಲಿ. ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದ್ದರೆ ಅರ್ಜಿ ತುಂಬಲು ನೆರವಾಗುತ್ತಾರೆ. ಆಸ್ತಿ, ಜೀವನಾಂಶದ ತಕರಾರು ಇದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ವಕೀಲರು ಉಚಿತ.

ಕೆಟ್ಟ ರಾತ್ರಿಗೆ ಮೊದಲೇ ತಯಾರಿ

ಎಲ್ಲ ಸರಿ ಇರುವ ತಿಂಗಳಲ್ಲಿ ಈ ಕೆಲಸ ಮಾಡಿ. ಒಂದು ಹಾಳೆಯಲ್ಲಿ ಈಗಿನ ಗುಳಿಗೆಗಳ ಹೆಸರು, ಡಾಕ್ಟರು, ಆಸ್ಪತ್ರೆ, ರಾತ್ರಿ ಕರೆದರೆ ಬರುವ ಆಟೋದವನ ನಂಬರ್, ಆಂಬುಲೆನ್ಸ್ 108, ಪೊಲೀಸ್ 112, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಬರೆಯಿರಿ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್‌ಗೆ ಹಗಲು ರಾತ್ರಿ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಹಾಳೆಯನ್ನು ಬೀರುವಿನ ಒಳಗೆ ಅಂಟಿಸಿ.

ಕಾಯಿಲೆ ಏಳುವ ಮುಂಚಿನ ಗುರುತುಗಳನ್ನೂ ಬರೆಯಿರಿ. ಪ್ರತಿ ಮನೆಯದು ಬೇರೆ. ನನ್ನ ತಮ್ಮ ನಿದ್ದೆ ಬಿಡುತ್ತಾನೆ, ಮತ್ತೆ ಟಿವಿಗೆ ಟವೆಲ್ ಬರುತ್ತದೆ. ಟವೆಲ್ ಕಂಡ ವಾರವೇ ಡಾಕ್ಟರ ಹತ್ತಿರ ಹೋಗುತ್ತೇವೆ.

ಆಸ್ಪತ್ರೆಗೆ ಬರಲು ಒಪ್ಪದಿದ್ದರೆ ಮೊದಲು ನೀವೇ ಹೋಗಿ ಡಾಕ್ಟರ ಜೊತೆ ಮಾತಾಡಿ. ತೀರಾ ಅಪಾಯವಿದ್ದರೆ ನಾಮನಿರ್ದೇಶಿತ ಪ್ರತಿನಿಧಿಯ (ಕಾಯಿಲೆ ಇರುವವರು ತಮ್ಮ ಪರವಾಗಿ ಹೆಸರಿಸಿದವರ) ಕೋರಿಕೆಯ ಮೇಲೆ 30 ದಿನದವರೆಗೆ ದಾಖಲು ಮಾಡಿಕೊಳ್ಳಲು 2017ರ ಕಾಯಿದೆಯ 89ನೇ ಕಲಮಿನಲ್ಲಿ ಅವಕಾಶವಿದೆ. ಪ್ರತಿನಿಧಿ ಯಾರು ಅನ್ನುವುದನ್ನು ಅವರು ಚೆನ್ನಾಗಿದ್ದಾಗ ಅವರನ್ನೇ ಕೇಳಿ ಬರೆಸಿಡಿ. ನನ್ನ ತಮ್ಮ ನನ್ನ ಹೆಸರು ಬರೆಸಿದ. "ಅವ್ವ ಅಳ್ತಾಳ, ನೀ ಅಳಂಗಿಲ್ಲ" ಅಂದ.

ಬಳಗದಲ್ಲಿ ಯಾರಾದರೂ, ಕಾಯಿಲೆ ಇರುವವರೇ ಆಗಲಿ, ನೋಡಿಕೊಳ್ಳುವವರೇ ಆಗಲಿ, "ಸಾಯಬೇಕು ಅನ್ನಿಸ್ತದ" ಅಂದರೆ ಮಾತು ತೇಲಿಸಬೇಡಿ. ನೇರವಾಗಿ ಕೇಳಿ. ಒಬ್ಬರನ್ನೇ ಮನೆಗೆ ಕಳಿಸಬೇಡಿ. ಅಲ್ಲಿಂದಲೇ 14416ಕ್ಕೆ ಫೋನ್ ಮಾಡಿ, ಜೊತೆಯಲ್ಲೇ ಆಸ್ಪತ್ರೆಗೆ ಹೋಗಿ.

ಯಾರೂ ಬರದ ಭಾನುವಾರ

ಅದು ಬರುತ್ತದೆ. ಮೊದಲ ವರ್ಷದಲ್ಲಿ ನಮಗೆ ಮೂರು ಸಲ ಬಂತು. ಆಗ ಒಂದೇ ಕೆಲಸ: ನಾಲ್ಕೂವರೆಯವರೆಗೆ ಅಲ್ಲೇ ಕೂರುವುದು. ಒಂದು ಜುಲೈ ತಿಂಗಳು, ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ. ಕೆರೆ ಪಕ್ಕದ ತಗಡಿನ ಕೆಳಗೆ ನಾನೊಬ್ಬಳೇ ಕೊಡೆ ಮಡಚಿಕೊಂಡು ಕೂತಿದ್ದೆ. ನಾಲ್ಕೂ ಕಾಲಿಗೆ ಫೋನ್ ಬಂತು, ಗುರುತಿಲ್ಲದ ನಂಬರ್.

"ಅಕ್ಕಾರ, ಆಸ್ಪತ್ರ್ಯಾಗ ನಿಮ್ಮ ಚೀಟಿ ಕೊಟ್ಟಿದ್ರು. ಕಲಘಟಗಿಯಿಂದ ಬರಾಕತ್ತೀನ್ರೀ. ಬಸ್ ತಡಾ ಆತು. ಇನ್ನಾ ಅದೀರೇನ್ರೀ?"

"ಅದೀನ್ರೀ, ಬರ್ರಿ" ಅಂದೆ. ಅವರು ಬಂದಾಗ ಐದೂ ಹತ್ತು.